ಗ್ರಂಥ ಮತ್ತು ಗ್ರಂಥಿ



ಗ್ರಂಥ, ಗ್ರಂಥಿ ಎಂಬ ಎರಡು ಮಾತುಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಕಟ್ಟುವುದು, ಗಂಟು ಹಾಕುವುದು ಎಂಬುದು ಅದರ ಅರ್ಥ. ತಾಳೆಗರಿಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದರೆ ಅದು ಗ್ರಂಥ. ದೇಹದೊಳಗೆ ಗಂಟಿನಂತೆ ಕುಳಿತು ರಸವನ್ನು ಸ್ರವಿಸುತ್ತಿದ್ದರೆ ಅದು ಗ್ರಂಥಿ. ಮೂವತ್ತಾರು ವರ್ಷಗಳ ಕಾಲ ಗ್ರಂಥಗಳ ವಿಷಯವನ್ನು ಹೇಳಿ ಜೀವನ ಸಾಗಿಸಿದ ನಾನು, ನಿವೃತ್ತಳಾದ ಮೇಲೆ ಗ್ರಂಥಿಯ ವಿಷಯವನ್ನು ಮೊದಲಿನಿಂದ ಕಲಿಯಬೇಕಾಯಿತು. ಕಲಿತದ್ದರಲ್ಲಿ ಸ್ವಲ್ಪವನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ನಾನು ವೈದ್ಯಳಲ್ಲ, ರೋಗಿಯ ಪಾಠವನ್ನು ರೋಗಿಯಾಗಿಯೇ ಒಪ್ಪಿಸುತ್ತಿದ್ದೇನೆ.

ನಾನಿರುವುದು ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಮಗ್ಗುಲಿನ ಹೇರೋಹಳ್ಳಿಯಲ್ಲಿ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಕೆರೆಯೂ ಉಳಿದಿದೆ. ಹೊಲಗಳು ಮಾತ್ರ ಮನೆಗಳಾಗಿವೆ. 2018ರಲ್ಲಿ ಕೆಲಸದಿಂದ ಬಿಡುಗಡೆಯಾದ ಮೇಲೆ ಮಗನ ಮನೆಗೆಂದು ಇಲ್ಲಿಗೆ ಬಂದೆ. 2022ರ ನವೆಂಬರಿನ ಒಂದು ಬೆಳಗ್ಗೆ, ರಾತ್ರಿಯ ಮಳೆ ಆಗತಾನೆ ನಿಂತಿದ್ದಾಗ, ಹಾಲು ತರಲೆಂದು ಹೊರಟವಳು ನಮ್ಮ ಮನೆಯ ಮೆಟ್ಟಿಲಿನ ಮೇಲೆಯೇ ಜಾರಿದೆ. ದೊಡ್ಡ ಬೀಳುವಿಕೆಯೇನೂ ಅಲ್ಲ, ಕೊನೆಯ ಮೆಟ್ಟಿಲು. ಎಡಗೈಯನ್ನು ನೆಲಕ್ಕೆ ಊರಿದೆ, ಮಣಿಕಟ್ಟು ಮುರಿಯಿತು. ಹಾಲಿನ ಪಾತ್ರೆಗೆ ಒಂದು ತಗ್ಗೂ ಬೀಳಲಿಲ್ಲವೆಂದು ಆಮೇಲೆ ಮೊಮ್ಮಗಳು ಆಶ್ಚರ್ಯಪಟ್ಟಳು.

ಕಟ್ಟು ಹಾಕಿದ ಮೂಳೆವೈದ್ಯರು ಒಂದು ಮಾತು ಹೇಳಿದರು. ನಿಂತ ಎತ್ತರದಿಂದ ಬಿದ್ದವರಿಗೆ ಮೂಳೆ ಮುರಿದರೆ, ಬಿದ್ದದ್ದನ್ನು ಮಾತ್ರ ದೂರಬಾರದು, ಮೂಳೆಯನ್ನೂ ವಿಚಾರಿಸಬೇಕು. ಹಾಗೆ ವಿಚಾರಿಸುವುದಕ್ಕೆ ಒಂದು ಯಂತ್ರವಿದೆ. ಬಹಳ ಮಂದವಾದ ಎಕ್ಸ್‌ರೇ ಕಿರಣಗಳಿಂದ ಬೆನ್ನುಮೂಳೆಯ ಮತ್ತು ಸೊಂಟದ ಸಾಂದ್ರತೆಯನ್ನು ಅದು ಅಳೆಯುತ್ತದೆ. ಆರೋಗ್ಯವಂತ ಯುವಜನರ ಸರಾಸರಿಗೂ ನಮಗೂ ಇರುವ ಅಂತರವನ್ನು ‘ಟಿ’ ಅಂಕವಾಗಿ ಹೇಳುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆಯಂತೆ, ಈ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳುಬೀಳುವ ರೋಗ. 2023ರ ಜನವರಿಯಲ್ಲಿ ನನ್ನ ಬೆನ್ನುಮೂಳೆಯ ಅಂಕ ಮೈನಸ್ 2.8 ಇತ್ತು. ಮುಟ್ಟು ನಿಂತ ಹೆಂಗಸರಲ್ಲಿ ಇದು ಅಪರೂಪವಲ್ಲ. ಆದರೆ ವೈದ್ಯರು ಅಷ್ಟಕ್ಕೇ ಬಿಡದೆ, ವಯಸ್ಸಲ್ಲದೆ ಬೇರೆ ಕಾರಣವೇನಾದರೂ ಉಂಟೋ ನೋಡಬೇಕೆಂದು ಹಳೆಯ ವರದಿಗಳನ್ನೆಲ್ಲ ತರಹೇಳಿದರು.

ತಂದೆ. 2019ರ ಒಂದು ಸಾಮಾನ್ಯ ತಪಾಸಣೆಯ ವರದಿಯಲ್ಲಿ, ಟಿ.ಎಸ್.ಎಚ್. ಎಂಬ ಸಾಲಿನ ಎದುರು 0.31 ಎಂದಿತ್ತು, ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರದ ಗುರುತು. ಅಂದು ಅದನ್ನು ನೋಡಿದವರು “ತುಸು ಕಡಿಮೆ, ಚಿಂತೆಯೇನಿಲ್ಲ” ಎಂದಿದ್ದರು. ಮತ್ತೆ ಯಾವಾಗ ನೋಡಿಸಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಲಿಪಿಕಾರ ಹಾಕಿದ ಒಂದು ಚುಕ್ಕೆಯ ಹಿಂದೆ ವಾರಗಟ್ಟಲೆ ಅಲೆದವಳು ನಾನು. ನನ್ನ ದೇಹದ ವರದಿಯ ಅಂಚಿನಲ್ಲಿದ್ದ ನಕ್ಷತ್ರವನ್ನು ಕಡತದೊಳಗೆ ಸೇರಿಸಿ, ಕಡತವನ್ನು ಬೀರುವಿನೊಳಗೆ ಸೇರಿಸಿ, ಮೂರು ವರ್ಷ ಮರೆತಿದ್ದೆ.

ಇಲ್ಲಿ ಒಂದು ವಿವರಣೆ ಅಗತ್ಯ. ಥೈರಾಯ್ಡ್ ಗ್ರಂಥಿ ಕುತ್ತಿಗೆಯ ಮುಂಭಾಗದಲ್ಲಿ, ಉಸಿರ್ನಾಳವನ್ನು ತಬ್ಬಿಕೊಂಡು, ಚಿಟ್ಟೆಯ ಆಕಾರದಲ್ಲಿದೆ. ದೇಹದ ಕೆಲಸಗಳ ವೇಗವನ್ನು ನಿರ್ಧರಿಸುವ ರಸ ಅದರದು. ಟಿ.ಎಸ್.ಎಚ್. ಆ ಗ್ರಂಥಿಯ ರಸವಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅದಕ್ಕೆ ಕಳುಹಿಸುವ ಆಜ್ಞೆ. ಥೈರಾಯ್ಡ್ ಸೋಮಾರಿಯಾದರೆ ಆಜ್ಞೆಯ ದನಿ ಏರುತ್ತದೆ. ಹೆಚ್ಚು ದುಡಿದರೆ ದನಿ ಇಳಿಯುತ್ತದೆ. ಆದ್ದರಿಂದ ಟಿ.ಎಸ್.ಎಚ್. ಕಡಿಮೆಯಾಯಿತೆಂದರೆ ಗ್ರಂಥಿಯ ಚಟುವಟಿಕೆ ಹೆಚ್ಚಾಯಿತೆಂದು ಅರ್ಥ. ಮೊದಮೊದಲು ಈ ವಿಲೋಮ ಕ್ರಮ ನನಗೆ ಗೊಂದಲವನ್ನುಂಟುಮಾಡಿತು. ಸಾಮಾನ್ಯವಾಗಿ ಅದು 0.4ರಿಂದ 4ರ ವರೆಗೆ ಇರಬೇಕು. ಥೈರಾಯ್ಡಿನ ಸ್ವಂತ ರಸಗಳಾದ ಟಿ-4, ಟಿ-3ಗಳ ಪ್ರಮಾಣ ಸರಿಯಾಗಿಯೇ ಇದ್ದು, ಟಿ.ಎಸ್.ಎಚ್. ಮಾತ್ರ ಇಳಿದಿದ್ದರೆ, ಅದು ಗ್ರಂಥಿಯ ಸೌಮ್ಯವಾದ ಅತಿಚಟುವಟಿಕೆ. ರಸದಲ್ಲಿ ಆಗುವ ಅತ್ಯಲ್ಪ ಏರಿಳಿತಕ್ಕೂ ಪಿಟ್ಯುಟರಿ ಬಹಳ ಸೂಕ್ಷ್ಮವಾಗಿ ಸ್ಪಂದಿಸುವುದರಿಂದ, ಮೊದಲ ಸೂಚನೆ ಅಲ್ಲಿಂದಲೇ ಬರುತ್ತದೆ. ಅನೇಕ ರೋಗಿಗಳಿಗೆ ಎದೆ ಡವಗುಟ್ಟುವುದಿಲ್ಲ, ಕೈ ನಡುಗುವುದಿಲ್ಲ, ಮೈ ಇಳಿಯುವುದಿಲ್ಲ. ನನಗೂ ಏನೂ ಆಗಿರಲಿಲ್ಲ.

2023ರ ಜನವರಿಯಲ್ಲಿ ಮತ್ತೆ ರಕ್ತ ಕೊಟ್ಟೆ. ಈ ಬಾರಿ 0.17. ಅಂತಃಸ್ರಾವ ಗ್ರಂಥಿಗಳ ತಜ್ಞೆಯೊಬ್ಬರ ಬಳಿಗೆ ನನ್ನನ್ನು ಕಳುಹಿಸಿದರು. ಅವರು ಔಷಧ ಬರೆಯುವರೆಂದು ನಾನು ಎಣಿಸಿದ್ದರೆ, ಅವರು ಪ್ರಶ್ನೆ ಕೇಳಿದರು: ಏನೇನು ಮಾತ್ರೆ ನುಂಗುತ್ತೀರಿ? ಕೂದಲು ಉದುರುತ್ತದೆಂದು ಸೊಸೆ ತಂದುಕೊಟ್ಟಿದ್ದ ಒಂದು ಮಾತ್ರೆಯ ಹೆಸರನ್ನೂ ಹೇಳಿದೆ. ಅದರಲ್ಲಿ ಬಯೋಟಿನ್ ಎಂಬ ಜೀವಸತ್ವ ವಿಶೇಷ ಪ್ರಮಾಣದಲ್ಲಿತ್ತು. ಅದು ದೇಹಕ್ಕೆ ಕೆಡುಕಲ್ಲ. ಆದರೆ ಕೆಲವು ಬಗೆಯ ರಕ್ತಪರೀಕ್ಷೆಗಳ ರಾಸಾಯನಿಕ ಕ್ರಮದೊಳಗೆ ನುಗ್ಗಿ, ಇಲ್ಲದ ಥೈರಾಯ್ಡ್ ದೋಷವನ್ನು ಇದೆಯೆಂದು ತೋರಿಸಬಲ್ಲುದು. “ಅದನ್ನು ನಿಲ್ಲಿಸಿ, ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡೋಣ” ಎಂದರು.

ನನಗೆ ತಟಕ್ಕನೆ ಮಾನಸಗಂಗೋತ್ರಿಯ ಎಂ.ಎ. ತರಗತಿ ನೆನಪಾಯಿತು. ಅಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆಲ್ಲ ಒಂದು ಶಿಸ್ತು ಮೈಗೂಡುತ್ತದೆ. ಒಂದೇ ಪ್ರತಿಯನ್ನು ನಂಬಿ ಪಾಠವನ್ನು ತಿದ್ದಬಾರದು. ತಪ್ಪಾಗಿ ಕಾಣುವುದು ಲಿಪಿಕಾರನ ಕೈತಪ್ಪೋ ಕವಿಯ ಮಾತೇ ಹಾಗೋ ಎಂದು ಇನ್ನೊಂದು ಪ್ರತಿಯನ್ನು ತೆಗೆದು ನೋಡಬೇಕು. ವೈದ್ಯರು ಹೇಳಿದ್ದು ಅದನ್ನೇ. ಒಮ್ಮೆ ಇಳಿದ ಟಿ.ಎಸ್.ಎಚ್. ಅನೇಕರಲ್ಲಿ ತಾನಾಗಿಯೇ ಸರಿಹೋಗುತ್ತದೆ. ಬೇರೊಂದು ಕಾಯಿಲೆ, ಬೇರೊಂದು ಔಷಧ, ಗ್ರಂಥಿಯ ತಾತ್ಕಾಲಿಕ ಉರಿಯೂತ, ಇವುಗಳಲ್ಲಿ ಯಾವುದರಿಂದಲಾದರೂ ಅದು ಇಳಿಯಬಹುದು. ಆದುದರಿಂದ ಎರಡನೆಯ ಪ್ರತಿ ಬೇಕು.

ಆ ಮೂರು ತಿಂಗಳು ನಾನು ಬಯೋಟಿನ್ನಿನ ಮೇಲೆ ಎಷ್ಟು ಆಸೆ ಇಟ್ಟುಕೊಂಡಿದ್ದೆನೆಂದು ಹೇಳಲಾರೆ. ಎಲ್ಲವೂ ಲಿಪಿಕಾರನ ತಪ್ಪೆಂದು ಸಾಬೀತಾಗಲಿ ಎಂಬುದೊಂದೇ ಪ್ರಾರ್ಥನೆ. ಸಂಪಾದನಶಾಸ್ತ್ರ ಇದನ್ನೂ ಎಚ್ಚರಿಸುತ್ತದೆ: ಓದುಗನಿಗೆ ಹಿತವಾದ ಸುಲಭಪಾಠವನ್ನು ಸಂಶಯದಿಂದ ನೋಡಬೇಕು. ಏಪ್ರಿಲಿನಲ್ಲಿ ಬಂದ ಅಂಕ 0.19. ಟಿ-4, ಟಿ-3 ಎರಡೂ ಸರಿಯಾಗಿದ್ದವು. ಪಾಠ ಶುದ್ಧವಾಗಿತ್ತು, ಅರ್ಥವಷ್ಟೇ ನನಗೆ ಬೇಡವಾಗಿತ್ತು.

ಗ್ರಂಥಿಯ ಸ್ಕ್ಯಾನಿನಲ್ಲಿ ಕೆಲವು ಗಂಟುಗಳು ಕಂಡವು. ಅವುಗಳಲ್ಲಿ ಒಂದೆರಡು ಪಿಟ್ಯುಟರಿಯ ಆಜ್ಞೆಗೆ ಕಾಯದೆ ತಾವೇ ದುಡಿಯುತ್ತಿದ್ದವು. “ಯಾವ ಊರಿನವರು?” ಎಂದು ತಜ್ಞೆ ಕೇಳಿದರು. ಮೂಡಿಗೆರೆಯ ಕಡೆ ಎಂದೆ. ಅವರು ತಲೆಯಾಡಿಸಿದರು.

ಚಿಕ್ಕಮಗಳೂರು ಜಿಲ್ಲೆ ಗಳಗಂಡದ ನಾಡೆಂದು ಆರೋಗ್ಯ ಇಲಾಖೆಯ ಸಮೀಕ್ಷೆಗಳಲ್ಲಿ ದಾಖಲಾಗಿರುವುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಬಹುದು. ಮಲೆನಾಡಿನ ಜಡಿಮಳೆ ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುತ್ತದೆ. ನೀರಿನಲ್ಲಿ, ಸೊಪ್ಪಿನಲ್ಲಿ, ಅಕ್ಕಿಯಲ್ಲಿ ಅದರ ಅಂಶ ಕಡಿಮೆಯಾಗುತ್ತದೆ. ಅಯೋಡಿನ್ ಸಾಲದ ಗ್ರಂಥಿ ದುಡಿದು ದುಡಿದು ಊದುತ್ತದೆ. ನಮ್ಮಜ್ಜಿಯ ಕಾಲದ ಹೆಂಗಸರ ಕತ್ತಿನಲ್ಲಿ ಅಡಿಕೆಪಟ್ಟಿಯ ಕೆಳಗೆ ಒಂದು ಉಬ್ಬು ಕಾಣುತ್ತಿದ್ದುದನ್ನು ನಾವು ಮಕ್ಕಳು ಒಡವೆಯಷ್ಟೇ ಸಹಜವೆಂದು ತಿಳಿದಿದ್ದೆವು. ಭಾರತ ಸರ್ಕಾರ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆಯ ದೋಷಗಳ ನಿಯಂತ್ರಣ ಕಾರ್ಯಕ್ರಮವೆಂದು ಹೆಸರಾಯಿತು. ಅಯೋಡಿನ್ ಬೆರೆಸದ ಉಪ್ಪನ್ನು ಆಹಾರಕ್ಕಾಗಿ ಮಾರಬಾರದೆಂಬ ನಿಷೇಧ 2006ರಿಂದ ದೇಶಾದ್ಯಂತ ಜಾರಿಯಲ್ಲಿದೆ. ನಾನು ಹುಟ್ಟಿದ್ದು 1958ರಲ್ಲಿ. ನನ್ನ ಬಾಲ್ಯದ ಅಡುಗೆಮನೆಯ ಮರಿಗೆಯಲ್ಲಿ ಇದ್ದದ್ದು ಬರಿಯ ಕಲ್ಲುಪ್ಪು.

ಅಯೋಡಿನ್ ಕೊರತೆಯಲ್ಲಿ ಬೆಳೆದ ಗ್ರಂಥಿಯಲ್ಲಿ ಗಂಟುಗಳು ಮೂಡಿ, ವಯಸ್ಸಾದ ಮೇಲೆ ಸ್ವತಂತ್ರವಾಗಿ ದುಡಿಯತೊಡಗುವುದುಂಟು. ಡೆನ್ಮಾರ್ಕಿನ ಜಟ್ಲೆಂಡಿನಲ್ಲಿ ಆಗ ಅಯೋಡಿನ್ ಕಡಿಮೆಯಿತ್ತು, ಐಸ್‌ಲೆಂಡಿನಲ್ಲಿ ಹೆಚ್ಚಿತ್ತು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡೂ ಕಡೆಯ ವೃದ್ಧರನ್ನು ಹೋಲಿಸಿ ನೋಡಿತು. ಜಟ್ಲೆಂಡಿನ ಮುದುಕರಲ್ಲಿ ಅತಿಚಟುವಟಿಕೆ ಹೆಚ್ಚು. ಐಸ್‌ಲೆಂಡಿನ ಮುದುಕರಲ್ಲಿ ಸೋಮಾರಿತನ ಹೆಚ್ಚು. ಹುಟ್ಟಿದೂರನ್ನು ಬಿಟ್ಟು ನಲವತ್ತು ವರ್ಷವಾದರೂ, ಊರಿನ ಮಣ್ಣು ಕತ್ತಿನೊಳಗೆ ಲೆಕ್ಕ ಬರೆದುಕೊಂಡಿರುವ ಸಾಧ್ಯತೆಯಿದೆ ಎಂದು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ.

ಇನ್ನು ಮೂಳೆಗೂ ಇದಕ್ಕೂ ಏನು ಸಂಬಂಧ? ಮೂಳೆ ಕಲ್ಲುಕಂಬವಲ್ಲ, ಸದಾ ದುರಸ್ತಿಯಲ್ಲಿರುವ ಹಳೆಯ ಮನೆ. ಒಂದು ಬಗೆಯ ಜೀವಕೋಶಗಳು ಹಳೆಯ ಗೋಡೆಯನ್ನು ಕೆಡಹುತ್ತ ಹೋಗುತ್ತವೆ. ಇನ್ನೊಂದು ಬಗೆಯವು ಹಿಂದಿನಿಂದ ಬಂದು ಹೊಸದನ್ನು ಕಟ್ಟುತ್ತವೆ. ಒಂದು ಜಾಗದಲ್ಲಿ ಕೆಡವಿ ಕಟ್ಟಿ ಮುಗಿಸಲು ಸುಮಾರು 200 ದಿನ ಹಿಡಿಯುತ್ತದೆ. ಥೈರಾಯ್ಡ್ ರಸ ಪೂರ್ಣವಾಗಿ ಮಿತಿಮೀರಿದವರಲ್ಲಿ ಈ ಸುತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೆಡಹುವವರಿಗೆ ಆತುರ ಒಪ್ಪುತ್ತದೆ; ಕಟ್ಟುವವರಿಗೆ ಒಪ್ಪುವುದಿಲ್ಲ. ಪ್ರತಿಯೊಂದು ಸುತ್ತಿನಲ್ಲೂ ಒಂದಿಷ್ಟು ಗೋಡೆ ಬಾಕಿ ಉಳಿಯುತ್ತದೆ. ಈ ಸಂಬಂಧವನ್ನು ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1891ರಷ್ಟು ಹಿಂದೆಯೇ ಗುರುತಿಸಿದ್ದ. ಥೈರಾಯ್ಡಿನ ಅತಿಚಟುವಟಿಕೆಯಿಂದ ಸತ್ತ ಹೆಂಗಸೊಬ್ಬಳ ಮೂಳೆಗಳು ಹುಳು ತಿಂದಂತಿದ್ದುವೆಂದು ಆತ ಬರೆದ. ಹುಳು ತಿಂದ ತಾಳೆಗರಿಗಳನ್ನು ಕೈಯಲ್ಲಿ ಹಿಡಿದವಳಿಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಸೌಮ್ಯವಾದ ಅತಿಚಟುವಟಿಕೆ ಅಷ್ಟು ಕ್ರೂರವಲ್ಲ. ಆದರೂ ಅದು ಪೂರ್ತಿ ನಿರುಪದ್ರವಿಯೂ ಅಲ್ಲ. 2015ರಲ್ಲಿ 13 ಅಧ್ಯಯನಗಳ 70,000ಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಇಂಥವರಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಉಳಿದವರಿಗಿಂತ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗಿತ್ತು, ಟಿ.ಎಸ್.ಎಚ್. 0.1ಕ್ಕಿಂತಲೂ ಕೆಳಗಿಳಿದವರಲ್ಲಿ ಶೇಕಡ 60ರಷ್ಟು ಹೆಚ್ಚಾಗಿತ್ತು. ಹೃದಯದ ಲಯ ತಪ್ಪುವ ಭಯವೂ ಉಂಟು. ಅದನ್ನು 1994ರಲ್ಲೇ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ತೋರಿಸಿತ್ತು. 0.17 ಎಂಬ ಅಂಕ ಗಟ್ಟಿ ಮೂಳೆಯ ಮೂವತ್ತು ವರ್ಷದವಳಲ್ಲಿ ಒಂದು ಅರ್ಥವನ್ನು ಕೊಟ್ಟರೆ, ಮೈನಸ್ 2.8ರ ಪಕ್ಕದಲ್ಲಿ ಬೇರೆಯದೇ ಅರ್ಥವನ್ನು ಕೊಡುತ್ತದೆ. ಪದದ ಅರ್ಥ ವಾಕ್ಯದಿಂದ ತಿಳಿಯುವಂತೆ, ಅಂಕದ ಅರ್ಥ ಪಕ್ಕದ ಅಂಕದಿಂದ ತಿಳಿಯುತ್ತದೆ. 2019ರಲ್ಲಿ ಯಾರೂ ಪಕ್ಕದ ಅಂಕವನ್ನು ಕೇಳಿರಲಿಲ್ಲ. ಆ ಮೂರು ವರ್ಷಗಳಿಂದಲೇ ನನ್ನ ಮಣಿಕಟ್ಟು ಮುರಿಯಿತೆಂದು ಹೇಳುವುದು ಅನ್ಯಾಯವಾದೀತು. ವಯಸ್ಸು, ಬಿಸಿಲು ಕಾಣದ ಜೀವನ, ಕುಳಿತೇ ಮಾಡುವ ಕೆಲಸ, ಎಲ್ಲವೂ ಕೂಡಿವೆ. ಆದರೆ ನೋಡಬಹುದಾಗಿದ್ದುದನ್ನು ನೋಡಲಿಲ್ಲವೆಂಬ ನೋವು ಉಳಿದಿದೆ.

ಈಗ ಮಾಡುವುದೇನು? ತಜ್ಞೆ ಮೂರು ದಾರಿಗಳನ್ನು ಬಿಡಿಸಿ ಹೇಳಿದರು. ಗ್ರಂಥಿಯನ್ನು ತಗ್ಗಿಸುವ ಮಾತ್ರೆ, ವಿಕಿರಣಯುಕ್ತ ಅಯೋಡಿನ್ನಿನಿಂದ ಗಂಟುಗಳನ್ನು ಅಡಗಿಸುವುದು, ಕಾಯುತ್ತ ಗಮನಿಸುವುದು. ಟಿ.ಎಸ್.ಎಚ್. ಬಿಡದೆ 0.1ಕ್ಕಿಂತ ಕೆಳಗಿದ್ದರೆ, ಅರವತ್ತೈದು ದಾಟಿದವರಿಗೂ ಆಸ್ಟಿಯೊಪೊರೋಸಿಸ್ ಇರುವವರಿಗೂ ಚಿಕಿತ್ಸೆ ಮಾಡುವುದೇ ಸರಿಯೆಂದು 2016ರ ಅಮೆರಿಕನ್ ಥೈರಾಯ್ಡ್ ಸಂಘದ ಮಾರ್ಗಸೂಚಿ ಹೇಳುತ್ತದೆ. 0.1ಕ್ಕೂ 0.4ಕ್ಕೂ ನಡುವೆ ಇದ್ದರೆ ‘ಪರಿಶೀಲಿಸಬಹುದು’ ಎನ್ನುತ್ತದೆ. ನಾನು ನಿಂತಿದ್ದುದು ಆ ‘ಬಹುದು’ ಎಂಬ ಪ್ರತ್ಯಯದ ಮೇಲೆ. ವಿಧ್ಯರ್ಥಕ್ಕೂ ಸಂಭಾವನಾರ್ಥಕ್ಕೂ ಇರುವ ಅಂತರವನ್ನು ಜೀವಮಾನವೆಲ್ಲ ಕಲಿಸಿದವಳಿಗೆ ಅದು ಇಷ್ಟು ತೂಕದ್ದೆಂದು ತಿಳಿದಿರಲಿಲ್ಲ.

ತಗ್ಗಿಸುವ ಮಾತ್ರೆಗೆ ಅಪರೂಪವಾದರೂ ಗಂಭೀರವಾದ ಒಂದು ದೋಷವಿದೆ. ಬಿಳಿಯ ರಕ್ತಕಣಗಳು ಕುಸಿಯಬಹುದು. ಅಯೋಡಿನ್ ಚಿಕಿತ್ಸೆಯ ಮೇಲೆ ಗ್ರಂಥಿ ಸೋಮಾರಿಯಾದರೆ ಜೀವನಪರ್ಯಂತ ಬೇರೆ ಮಾತ್ರೆ ಬೇಕಾಗಬಹುದು. ನನ್ನ ಹೃದಯದ ಲಯ ಸರಿಯಾಗಿತ್ತು. ಮೂಳೆಗೆ ನೇರವಾದ ಔಷಧವೂ ಆರಂಭವಾಗಿತ್ತು. ನಾನು ಕಾಯುವುದನ್ನು ಆರಿಸಿಕೊಂಡೆ. ತಜ್ಞೆ ಒಪ್ಪಿದರು. ಆದರೆ ಒಂದು ಷರತ್ತಿನ ಮೇಲೆ. ಚೀಟಿಯ ಹಿಂಬದಿಯಲ್ಲಿ ಮೂರು ಸಾಲು ಬರೆದರು: ಟಿ.ಎಸ್.ಎಚ್. ಸತತವಾಗಿ ಎರಡು ಬಾರಿ 0.1ಕ್ಕಿಂತ ಕೆಳಗಿಳಿದರೆ, ನಾಡಿ ಲಯ ತಪ್ಪಿದರೆ, ಔಷಧವಿದ್ದೂ ಮೂಳೆಯ ಸಾಂದ್ರತೆ ಇಳಿದರೆ, ಮೂರರಲ್ಲಿ ಯಾವುದೊಂದು ನಡೆದರೂ ಕಾಯುವುದು ಮುಗಿಯಿತು. ಕೆಳಗೆ ಮುಂದಿನ ತಾರೀಖನ್ನು ಬರೆದು, “ಇದಕ್ಕೆ ನಿಮ್ಮ ರುಜುವೂ ಇರಲಿ” ಎಂದು ನಕ್ಕರು. ನಾನು ನಿಜವಾಗಿಯೂ ರುಜು ಹಾಕಿದೆ.

ಆ ಚೀಟಿಯನ್ನು ಒಂದು ನೋಟುಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಪ್ರತಿ ಭಾನುವಾರ ಬರಿಹೊಟ್ಟೆಯಲ್ಲಿ ಮೂಳೆಯ ಮಾತ್ರೆಯನ್ನು ಒಂದು ದೊಡ್ಡ ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ, ನೆಟ್ಟಗೆ ಕೂರಬೇಕು. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣು. ಮಧ್ಯಾಹ್ನಕ್ಕೆ ರಾಗಿ ಮುದ್ದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆಯೆಂದು ತಿಳಿದಾಗ, ಅನ್ನವುಣ್ಣುವ ಮಲೆನಾಡಿನವಳಿಗೆ ಈ ಬಯಲುಸೀಮೆಯ ಮೇಲೆ ಗೌರವ ಹೆಚ್ಚಿತು. ಬೆಳಗಿನ ಬಿಸಿಲಿನಲ್ಲಿ ಕೆರೆಯ ದಂಡೆಯ ಮೇಲೆ ನಡಿಗೆ. ಅಲ್ಲಿಗೆ ಹೋಗುವ ದಾರಿಯ ಮೇಲೆದ್ದ ಚಪ್ಪಡಿಗಳು ಒಂದೊಂದೂ ನನಗೆ ಕಂಠಪಾಠ. ಮನೆಯ ಮೆಟ್ಟಿಲಿಗೆ ಮಗ ಹಿಡಿಗಂಬಿ ಹಾಕಿಸಿದ್ದಾನೆ. ಸ್ನಾನದ ಮನೆಯಲ್ಲಿ ಒರಟು ಹಾಸುಗಲ್ಲು. ರಾತ್ರಿ ಮಲಗುವ ಮುನ್ನ ಒಂದು ನಿಮಿಷ ನಾಡಿ ಹಿಡಿದು ಎಣಿಸಿ, ಅಂಕವನ್ನು ಬರೆಯುತ್ತೇನೆ.

ಇದನ್ನೆಲ್ಲ ನೋಡಿ ನನ್ನ ತಂಗಿ “ರೋಗಕ್ಕಿಂತ ರೋಗದ ಲೆಕ್ಕವೇ ದೊಡ್ಡದಾಯಿತಲ್ಲ” ಎಂದಳು. ನಾನು ಉತ್ತರ ಕೊಡಲಿಲ್ಲ. ನಮ್ಮಿಬ್ಬರಿಗೂ ನೆನಪಿರುವ ಒಂದು ಸಂಗತಿಯಿದೆ. 1991ರ ಮಳೆಗಾಲದಲ್ಲಿ ನಮ್ಮಮ್ಮ ಊರಿನ ಮನೆಯ ಹಿತ್ತಿಲಲ್ಲಿ ಜಾರಿ ಬಿದ್ದಳು. ಸೊಂಟ ಮುರಿಯಿತು. ಆರು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡಳು. ಅಮ್ಮನಿಗೂ ಕತ್ತಿನಲ್ಲಿ ಉಬ್ಬಿತ್ತು. ಅವಳ ಬೆನ್ನು ಬಾಗುತ್ತ ಬಂದದ್ದನ್ನು ನಾವು ವಯಸ್ಸಿನ ವಿನಯವೆಂದು ತಿಳಿದಿದ್ದೆವು. ಅವಳ ಮೂಳೆಯನ್ನು ಯಾರೂ ಅಳೆಯಲಿಲ್ಲ, ರಕ್ತವನ್ನು ಯಾರೂ ನೋಡಲಿಲ್ಲ. ಅವಳ ವಿಷಯದಲ್ಲಿ ನನ್ನ ಬಳಿ ಒಂದೂ ಅಂಕವಿಲ್ಲ. ನನ್ನ ನೋಟುಪುಸ್ತಕದಲ್ಲಿ ಎರಡು ಪುಟ ಅಂಕಗಳಿವೆ. ಅದು ಹೊರೆಯೆಂದು ನನಗೆ ಅನ್ನಿಸುವುದಿಲ್ಲ.

ಕೇಳುಗರಲ್ಲಿ ಅನೇಕರು ಥೈರಾಯ್ಡ್ ಸೋಮಾರಿಯಾಗಿದೆಯೆಂದು ಮಾತ್ರೆ ನುಂಗುತ್ತಿರಬಹುದು. ಅವರಿಗೂ ಈ ಮಾತು ಸಲ್ಲುತ್ತದೆ. ಮಾತ್ರೆಯ ಪ್ರಮಾಣ ಹೆಚ್ಚಾದರೆ ಟಿ.ಎಸ್.ಎಚ್. ಇದೇ ರೀತಿ ಇಳಿಯುತ್ತದೆ, ಮೂಳೆಗೆ ಇದೇ ನಷ್ಟವಾಗುತ್ತದೆ. ನನ್ನ ತೀರ್ಮಾನ ಯಾರಿಗೂ ಮೇಲ್ಪಂಕ್ತಿಯಲ್ಲ. ನನ್ನದೇ ಸ್ಥಿತಿಯಲ್ಲಿರುವ ಇನ್ನೊಬ್ಬರಿಗೆ ತಕ್ಷಣದ ಚಿಕಿತ್ಸೆಯೇ ಒಳಿತಾಗಬಹುದು. ಆದರೆ ವರದಿಯಲ್ಲಿ ಒಂದು ನಕ್ಷತ್ರವನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳದೆ ಏಳಬೇಡಿ: ಇದನ್ನು ಮತ್ತೆ ಯಾವಾಗ ನೋಡಬೇಕು? ಯಾವುದರ ಪಕ್ಕದಲ್ಲಿಟ್ಟು ಓದಬೇಕು? ಎಲ್ಲಿಗೆ ಬಂದರೆ ಕಾಯುವುದನ್ನು ನಿಲ್ಲಿಸಬೇಕು? 2019ರಲ್ಲಿಯೂ ನಾನು ಕಾಯುತ್ತಿದ್ದೇನೆಂದೇ ತಿಳಿದಿದ್ದೆ. ತಾರೀಖಿಲ್ಲದೆ, ಗೆರೆಯಿಲ್ಲದೆ ಕಾಯುವುದಕ್ಕೆ ಮರೆಯುವುದೆಂದು ಹೆಸರು.

2025ರ ಜನವರಿಯಲ್ಲಿ ಅದೇ ಯಂತ್ರದ ಮೇಲೆ ಮತ್ತೆ ಮಲಗಿದೆ. ಬೆನ್ನುಮೂಳೆ ಮೈನಸ್ 2.7. ಒಂದು ದಶಾಂಶದ ಈ ವ್ಯತ್ಯಾಸ ಯಂತ್ರದ ಅಳತೆಯ ಏರುಪೇರಿನೊಳಗೇ ಇದೆಯೆಂದು ವೈದ್ಯರು ಹೇಳಿದರು. ಇಳಿದಿಲ್ಲ ಎಂಬಷ್ಟನ್ನೇ ನಾನು ಮನೆಗೆ ತಂದೆ. ಟಿ.ಎಸ್.ಎಚ್. ಮಾತ್ರ 0.22, 0.18, 0.16 ಎಂದು ಮೆಲ್ಲನೆ ಇಳಿದು, ಕಳೆದ ಬಾರಿ 0.13ಕ್ಕೆ ಬಂದಿದೆ. ಗೆರೆ ದೂರವಿಲ್ಲ. ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು. ಆ ತಾರೀಖು ಪುಸ್ತಕದಲ್ಲಿದೆ, ಅಡುಗೆಮನೆಯ ಪಂಚಾಂಗದ ಮೇಲೂ ಇದೆ. ಗೆರೆ ದಾಟಿದರೆ ಅಯೋಡಿನ್ ಚಿಕಿತ್ಸೆಗೆ ಹೋಗುತ್ತೇನೆ. ಚೀಟಿಯ ಮೇಲೆ ನನ್ನ ರುಜು ಇದೆಯಷ್ಟೆ. ದಾಟದಿದ್ದರೆ ಇನ್ನೊಂದು ತಾರೀಖನ್ನು ಬರೆದುಕೊಂಡು ಬರುತ್ತೇನೆ.